ಹಗೇವಿನ ಜೋಳಕ್ಕೆ ಎರಡು ಗೆರೆ

ಕಲ್ಮೇಶ ಸಂಜೆ ಹೊಲದಿಂದ ಬಂದರೆ ಮೊದಲು ತನ್ನ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಅಣ್ಣ ಶ್ರೀಶೈಲಪ್ಪನ ಪಡಸಾಲೆಗೆ ಹೋಗಿ ಕುಳಿತು, ಅಣ್ಣನ ಹೆಂಡತಿ ರುಕ್ಮವ್ವ ವೈನಿ ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ತಂಬಿಗೆ ನೀರು ಕುಡಿದು, ಆಮೇಲೆ ನಡುಗೋಡೆಯ ಬಾಗಿಲು ದಾಟಿ ಈಚೆ ಬರುತ್ತಿದ್ದ. ಈಚೆ ಅವನ ಹೆಂಡತಿ ಜಯಮಾಲಾ ತಾಟು ಹಚ್ಚಿಕೊಂಡು ಕಾಯುತ್ತಿರುತ್ತಿದ್ದಳು. ಹಸಿವಿಲ್ಲ, ಅರ್ಧ ರೊಟ್ಟಿ ಸಾಕು ಎನ್ನುತ್ತಿದ್ದ. ಆ ಅರ್ಧ ರೊಟ್ಟಿಯನ್ನು ಅವಳು ಮುರಿಯುವ ಸಪ್ಪಳ ಆಚೆ ಮನೆಗೂ ಕೇಳಬೇಕು, ಹಾಗೆ ಮುರಿಯುತ್ತಿದ್ದಳು.

ಅಣ್ಣತಮ್ಮಂದಿರು ಜಗಳವಿಲ್ಲದೆ ಪಾಲಾದವರು. ಹೊಲ ಸಮನಾಗಿ ಹಂಚಿಕೊಂಡರು, ಮನೆಯ ನಡುವೆ ಗೋಡೆ ಎಬ್ಬಿಸಿದರು, ಗೋಡೆಯಲ್ಲಿ ಓಡಾಡಲು ಒಂದು ಬಾಗಿಲು ಬಿಟ್ಟುಕೊಂಡರು. ಆದರೆ ಹಗೇವು ಹಂಚಲು ಬರುವಂಥದ್ದಲ್ಲ. ಅದು ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುಗ್ಗಿ ಮುಗಿದ ಮೇಲೆ ಸುತ್ತ ಜೋಳದ ಒಣ ದಂಟಿನ ಕಣಿಕೆ ಹೊಂದಿಸಿ, ಗಲಗಲ ಎನ್ನುವಂತೆ ಒಣಗಿದ ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ತಿಂಗಳುಗಟ್ಟಲೆ ಅದರ ಗೊಡವೆ ಬೇಡ. ತೆಗೆದಾಗ ಜೋಳಕ್ಕೆ ನೆಲದ ಒಂದು ವಾಸನೆ ಹತ್ತಿರುತ್ತದೆ. ಆ ವಾಸನೆಯ ರೊಟ್ಟಿ ತಿಂದು ಬೆಳೆದ ಬಾಯಿಗೆ ಬೇರೆ ರೊಟ್ಟಿ ಸಪ್ಪೆ. ಝಳಕಿಯಿಂದ ಒಳಕ್ಕೆ ಇರುವ ಅವರ ಊರಲ್ಲಿ ಈಗ ಯಾರೂ ಹಗೇವು ತುಂಬುವುದಿಲ್ಲ, ಶ್ರೀಶೈಲಪ್ಪನ ಮನೆಯೊಂದನ್ನು ಬಿಟ್ಟರೆ. ಹಗೇವು ಅವನ ಅಂಗಳದ ಕೆಳಗಿತ್ತು, ಅವನ ಪಾಲಿಗೇ ಹೋಯಿತು.

ಹೋಗಲಿ, ಜೋಳ ತಾನೇ ಎಂದು ಬೇರೆಯವರು ಸುಮ್ಮನಿರುತ್ತಿದ್ದರು. ಜಯಮಾಲಾಗೆ ಅದು ಆಗಲಿಲ್ಲ. ಅವಳು ಊರಿನ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ ಹೊರಟರೆ ಊರಿನ ಹೆಂಗಸರು ಎದ್ದು ಮಾತಾಡಿಸುತ್ತಾರೆ. ತಾಲೂಕಿನ ಊರು ಇಂಡಿಯ ದವಾಖಾನೆಯಲ್ಲಿ ನರ್ಸಮ್ಮಂದಿರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ಇಷ್ಟೆಲ್ಲ ಇದ್ದೂ ತನ್ನ ಗಂಡನ ಹೊಟ್ಟೆ ಮಾತ್ರ ಸಾಲಿಯ ಮುಖ ನೋಡದ ನೆಗೆಣ್ಣಿ ರುಕ್ಮವ್ವನ ಒಲೆಯ ಮುಂದೆ ತುಂಬುತ್ತದೆ ಎನ್ನುವುದು ಅವಳ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು. ಹಗೇವು ತೆಗೆದಾಗ ರುಕ್ಮವ್ವ ಓಣಿಯ ಮನೆಮನೆಗೂ ಒಂದೊಂದು ಮೊರ ಜೋಳ ಕಳಿಸುತ್ತಿದ್ದಳು. ತನಗೆ ಬಂದ ಜೋಳವನ್ನು ಜಯಮಾಲಾ ಒಮ್ಮೆಯೂ ಬೀಸಲಿಲ್ಲ. ಹಿತ್ತಲಲ್ಲಿ ಗುಬ್ಬಿಗಳಿಗೆ ಚೆಲ್ಲಿದಳು. ಗುಬ್ಬಿಗಳು ಒಂದು ಕಾಳನ್ನೂ ಬಿಡದೆ ತಿಂದವು ಎಂದು ಅವುಗಳ ಮೇಲೂ ಸಿಟ್ಟಾದಳು.

ಆ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ಇಂಡಿಯಿಂದ ನಿಷತ ಎಂಬ ಹುಡುಗಿ ಬಂದಳು. ಬೆಳೆಗಳ ಬಗ್ಗೆ ತಿಳಿಸಿ ಹೇಳುವ ಒಂದು ಸಂಸ್ಥೆಯವಳು. ಸಮುದಾಯ ಭವನದಲ್ಲಿ ಹೆಂಗಸರನ್ನು ಕೂಡಿಸಿಕೊಂಡು, ಕಾಳಿಗೆ ಬೂಷ್ಟು ಹಿಡಿದರೆ ಅದರಲ್ಲಿ ಒಂದು ವಿಷ ಹುಟ್ಟುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಎಷ್ಟೋ ಸಲ ಮೂಗಿಗೂ ಸಿಗುವುದಿಲ್ಲ ಎಂದು ಹೇಳಿದಳು. ಒಂದೇ ದಿನ ತಿಂದರೆ ಏನೂ ಕಾಣಿಸದು. ದಿನಾ ತಿಂದರೆ ಪಿತ್ತಜನಕಾಂಗ ಕೆಡುತ್ತದೆ, ಮಕ್ಕಳು ಬೆಳೆಯುವುದಿಲ್ಲ, ಬಸುರಿಯರಿಗಂತೂ ಬೇಡವೇ ಬೇಡ ಎಂದಳು. ಕಾಳು ಪುಡಿ ಮಾಡಿ, ಸೀಸೆಯ ನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ಒಂದು ಪಟ್ಟಿಗೆ ಹನಿ ಬಿಟ್ಟರೆ ಗೆರೆ ಮೂಡಿ ವಿಷ ಇದೆಯೋ ಇಲ್ಲವೋ ತಿಳಿಯುತ್ತದೆ ಎಂದು ಪಟ್ಟಿ ತೋರಿಸಿದಳು.

ಗೆರೆ ಓದುವುದು ಹೇಗೆ ಎಂದು ಅವಳು ಹೇಳಲು ಶುರು ಮಾಡಿದಾಗಲೇ ಜಯಮಾಲಾಳ ಫೋನು ಬಡಿದುಕೊಂಡಿತು. ತೋಟದ ಮನೆಯಲ್ಲಿ ಒಬ್ಬಳಿಗೆ ಹೆರಿಗೆ ಬ್ಯಾನಿ ಶುರುವಾಗಿತ್ತು. ಆಂಬುಲೆನ್ಸಿಗೆ ದಾರಿ ಹೇಳಿ, ಆ ಬಸುರಿಯ ಅತ್ತೆಗೆ ಧೈರ್ಯ ತುಂಬಿ ಮರಳಿ ಬರುವಷ್ಟರಲ್ಲಿ ಹೆಂಗಸರು ಚಹಾ ಕುಡಿಯುತ್ತಿದ್ದರು. ಉಳಿದದ್ದನ್ನು ಕೇಳೋಣವೇ ಎಂದು ಒಂದು ಸಲ ಅನ್ನಿಸಿತು. ಆದರೆ ಊರ ಹೆಂಗಸರ ಮುಂದೆ ಗೆರೆ ಓದುವುದನ್ನು ತಾನು ಕೇಳುವುದೇ? ಬಸುರು ನಿಂತದ್ದನ್ನು ಪಟ್ಟಿ ನೋಡಿ ಹೇಳುವುದೇ ಅವಳ ಕೆಲಸ. ಒಂದು ಗೆರೆ ಎಂದರೆ ಇಲ್ಲ, ಎರಡು ಗೆರೆ ಎಂದರೆ ಇದೆ. ರುಕ್ಮವ್ವನ ಮಗಳು ಸುನೀತಾ ಶಿವರಾತ್ರಿಗೆ ತವರಿಗೆ ಬಂದಾಗ ಅವಳಿಗೂ ಎರಡು ಗೆರೆ ತೋರಿಸಿ ಬಾಯಿಗೆ ಸಕ್ಕರೆ ಹಾಕಿದವಳು ಜಯಮಾಲಾನೇ.

ನಿಷತ ಕೂಡ ಆಶಾ ಅಕ್ಕಾರಿಗೆ ಇದೆಲ್ಲ ಗೊತ್ತಿದ್ದದ್ದೇ ಎಂದುಕೊಂಡು ಅವಳ ಕೈಗೆ ಕೆಲವು ಪಟ್ಟಿ, ಸೀಸೆ ಕೊಟ್ಟು, ಬಾರದವರ ಮನೆಯ ಕಾಳನ್ನು ನೀವೇ ನೋಡಿ, ಫೋಟೊ ತೆಗೆದು ನನಗೆ ಕಳಿಸಿರಿ ಎಂದಳು. ರುಕ್ಮವ್ವ ಬಂದಿರಲಿಲ್ಲ. ಏಳು ತಿಂಗಳ ಬಸುರಿ ಮಗಳನ್ನು ಸೀಮಂತದ ಕುಬಸಕ್ಕೆ ಕರೆತಂದ ಗಡಿಬಿಡಿಯಲ್ಲಿದ್ದಳು.

ಜಯಮಾಲಾ ಮೊದಲು ಹೋದದ್ದು ಆ ಮನೆಗೇ. ಹಗೇವು ತೆಗೆದು ಜೋಳ ಕೋಣೆಗೆ ಸುರಿದು ಬಹಳ ದಿನವಾಗಿರಲಿಲ್ಲ. ರುಕ್ಮವ್ವ ಯಾಕೆ ಏನು ಎಂದು ಕೇಳದೆ ಮೇಲಿನಿಂದ, ನಡುವಿನಿಂದ, ತಳದಿಂದ ಜೋಳ ತೆಗೆದು ಕೊಟ್ಟಳು. ಜಯಮಾಲಾ ತನ್ನ ಮನೆಯ ಚೀಲಗಳಿಂದಲೂ ಹಿಡಿಹಿಡಿ ತೆಗೆದುಕೊಂಡು ಎರಡನ್ನೂ ಬೇರೆಬೇರೆ ಮಿಕ್ಸಿಗೆ ಹಾಕಿದಳು. ಹನಿ ಬಿಟ್ಟು ಕಾಯುವಾಗ ಅವಳು ಬೇಡಿಕೊಂಡದ್ದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇರಲಿ, ಹಗೇವಿನದರಲ್ಲಿ ಇರಲಿ ಎಂದು ಬೇಡಿಕೊಂಡಳು.

ಹಗೇವಿನ ಜೋಳದ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ತನ್ನ ಮನೆಯ ಪಟ್ಟಿಯಲ್ಲಿ ಒಂದೇ.

ಅವಳಿಗೆ ಮೈಯೆಲ್ಲ ಹಗುರಾಯಿತು. ಪಟ್ಟಿಗಳ ಕೆಳಗೆ ಹಗೇವು, ಚೀಲ ಎಂದು ಚೀಟಿ ಇಟ್ಟು ಫೋಟೊ ತೆಗೆದು ನಿಷತಳಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಅಕ್ಕನ ಮದುವೆಗೆಂದು ನಿಷತ ಮುದ್ದೇಬಿಹಾಳಕ್ಕೆ ಹೋಗಿದ್ದಳು, ಅದು ಜಯಮಾಲಾಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಕಾಯುತ್ತಿರಲಿಲ್ಲ. ಪಟ್ಟಿ ಹಿಡಿದು ನಡುಬಾಗಿಲು ದಾಟಿದಳು. ಮುಖದ ಮೇಲೆ ಮರುಕ ತಂದುಕೊಂಡು, ಹೇಳಬಾರದ ಸುದ್ದಿ ಹೇಳಬೇಕಾಗಿ ಬಂದವಳಂತೆ ಮೆಲ್ಲಗೆ ಹೇಳಿದಳು.

ರುಕ್ಮವ್ವ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅತ್ತೆಯ ಕಾಲದಿಂದ ಇದೇ ಜೋಳ ತಿಂದೇವಲ್ಲ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದಳು.

"ನಮಗ ಆಗಿಲ್ಲಕ್ಕಾ," ಎಂದಳು ಜಯಮಾಲಾ. "ಆದ್ರ ಸುನೀತಾ ಹೊಟ್ಟೀಲೆ ಅದಾಳ."

ರುಕ್ಮವ್ವ ಪಟ್ಟಿ ಮರಳಿ ಕೊಟ್ಟಳು. ಜೋಳದ ಕೋಣೆಗೆ ಚಿಲಕ ಹಾಕಿದಳು. ಅದೇ ದಿನ ಜಯಮಾಲಾಳ ಮನೆಯ ಚೀಲಗಳು ಬಾಗಿಲು ದಾಟಿ ಆಚೆ ಹೋದವು. ನಮ್ಮ ಜೋಳ ನಿಮ್ಮದಲ್ಲವೇ ಅಕ್ಕಾ, ಕುಬಸಕ್ಕೂ ಇದನ್ನೇ ಬೀಸಿರಿ ಎಂದು ಅವಳೇ ನಿಂತು ಹೊರಿಸಿದಳು.

ಅಂದಿನಿಂದ ಕಲ್ಮೇಶ ನೇರ ಮನೆಗೆ ಬರತೊಡಗಿದ. ಎರಡೂ ಒಲೆಯ ರೊಟ್ಟಿ ಒಂದೇ ಆದ ಮೇಲೆ ಅಲ್ಲೇಕೆ ಕೂಡಬೇಕು? ಒಮ್ಮೆ ಅವನು ತುತ್ತು ಬಾಯಲ್ಲೇ ಹಿಡಿದುಕೊಂಡು, ಸ್ವಲ್ಪ ಮುಗ್ಗು ವಾಸನೆ ಬರುತ್ತದಲ್ಲ ಎಂದ. ನಿಮ್ಮ ಬಾಯಿಗೇ ಹಗೇವಿನ ವಾಸನೆ ಹತ್ತಿದೆ ಎಂದು ಜಯಮಾಲಾ ಅಂದಳು. ಅವನು ತುತ್ತು ನುಂಗಿದ. ಅವನ ತಾಟಿಗೆ ಇನ್ನೊಂದು ರೊಟ್ಟಿ ನೀಡುವಾಗ ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ತನ್ನ ಮನೆ ತನ್ನದಾಯಿತು ಎನಿಸಿತು ಅವಳಿಗೆ.

ಕುಬಸ ಹತ್ತಿರ ಬಂತು. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯಾದರೆ ದಿನಗಟ್ಟಲೆ ಇರುತ್ತದೆ. ಅದಕ್ಕೆ ಮೊದಲೇ ಬಡಿದು ಒಟ್ಟಿಡುವುದು ರೂಢಿ. ಓಣಿಯ ಹೆಂಗಸರು ರುಕ್ಮವ್ವನ ಹಿತ್ತಲಲ್ಲಿ ಸಾಲಾಗಿ ಒಲೆ ಹೂಡಿದರು. ಪಕ್ಕದ ಮನೆಯ ಸಗೀರಾ, ಊರಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿಲ್ಲ, ಬಂದು ನಡುವೆ ಕುಳಿತಳು. ಹಿಟ್ಟು ಜಯಮಾಲಾಳದು. ಅವಳು ಎಲ್ಲರಿಗೂ ಹಿಟ್ಟು ನೀಡುತ್ತ, ಇದು ನಮ್ಮ ಮನೆಯದು, ಪಟ್ಟಿ ಹಾಕಿ ನೋಡಿದ್ದು ಎಂದು ಹೇಳುತ್ತ ಓಡಾಡಿದಳು. ಪಟಪಟ ಸಪ್ಪಳದ ನಡುವೆ ಬಿಳಿ ಧೋತರದ ಮೇಲೆ ರೊಟ್ಟಿಯ ರಾಶಿ ಸೊಂಟದ ತನಕ ಎದ್ದಿತು. ಸುನೀತಾ ಬಾಗಿಲಲ್ಲಿ ಗೋಡೆಗೆ ಆತು ಕುಳಿತು, ಹಾಲಿನ ಲೋಟ ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ಫೋನು ಬಂದದ್ದು ಆಗ. ನಿಷತ ಮದುವೆ ಮುಗಿಸಿ ಬಂದು ಫೋಟೊ ನೋಡಿದ್ದಳು.

"ಆಶಾ ಅಕ್ಕಾರ, ಆ ಚೀಲದ ಜ್ವಾಳ ಯಾರ ಮನಿದ್ರೀ?" ಎಂದು ಕೇಳಿದಳು.

ಜಯಮಾಲಾ ಹಿತ್ತಲಿನ ಮೂಲೆಗೆ ಸರಿದು, ಯಾಕೆ ಎಂದಳು.

"ಅದನ್ನ ಯಾರೂ ತಿನ್ನಬಾರ್ದ್ರಿ. ವಿಷ ಭಾಳ ಐತಿ ಅದರಾಗ."

ಒಂದೇ ಗೆರೆ ಬಂದಿತ್ತಲ್ಲ ಎಂದು ಜಯಮಾಲಾ ನೆನಪಿಸಿದಳು. ಅದೇ ತಾನೇ ಕೆಟ್ಟದ್ದು ಎಂದಳು ನಿಷತ. ಮೇಲಿನ ಗೆರೆ ಪಟ್ಟಿ ಸರಿ ಇದೆ ಎಂದು ಹೇಳುವುದಕ್ಕಷ್ಟೇ. ಕೆಳಗಿನ ಗೆರೆ ಕಾಳು ಶುದ್ಧವಿದ್ದರೆ ಮೂಡುತ್ತದೆ. ವಿಷವಿದ್ದರೆ ಆ ವಿಷ ಗೆರೆಯನ್ನು ಮೂಡಗೊಡುವುದಿಲ್ಲ. ಬಸುರಿನ ಪಟ್ಟಿಗೆ ಇದು ತಿರುವುಮುರುವು. ಹಗೇವಿನ ಜೋಳ ಬಂಗಾರದಂಥದ್ದು, ಅದನ್ನು ತಿನ್ನಲು ಹೇಳಿರಿ ಎಂದಳು. ತೊಳೆದು ಒಣಗಿಸಿದರೆ ನಡೆಯುವುದಿಲ್ಲವೇ, ಹಂಚಿನ ಮೇಲೆ ಸುಟ್ಟ ಮೇಲೆ ಹೋಗುವುದಿಲ್ಲವೇ ಎಂದು ಜಯಮಾಲಾ ಕೇಳಿದಳು. ಹೋಗುವುದಿಲ್ಲ. ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ದನಕ್ಕೂ ಹಾಕುವಂತಿಲ್ಲ, ಎಮ್ಮೆ ತಿಂದರೆ ಹಾಲಿನಲ್ಲಿ ಇಳಿಯುತ್ತದೆ. ಏನಿದ್ದರೂ ಮೊದಲೇ ನೋಡಿಕೊಳ್ಳಬೇಕಿತ್ತು, ಹಸಿ ಕಾಳು ಚೀಲಕ್ಕೆ ತುಂಬಬಾರದಿತ್ತು ಎಂದು ನಿಷತ ಹೇಳುತ್ತಲೇ ಇದ್ದಳು.

ಜಯಮಾಲಾಗೆ ಮುಂದಿನದು ಕೇಳಿಸಲಿಲ್ಲ. ಸುಗ್ಗಿಯಲ್ಲಿ ರಾಶಿಯ ಮೇಲೆ ಅಡ್ಡಮಳೆ ಬಿದ್ದದ್ದು, ಇನ್ನೊಂದು ಬಿಸಿಲು ಕೊಡೋಣ ಎಂದು ಕಲ್ಮೇಶ ಅಂದದ್ದು, ತನಗೆ ಇಂಡಿಯಲ್ಲಿ ಮೀಟಿಂಗು ಇದೆ ಎಂದು ತಾನು ಗೊಬ್ಬರದ ಪ್ಲಾಸ್ಟಿಕ್ ಚೀಲಗಳಿಗೆ ಆತುರದಲ್ಲಿ ತುಂಬಿಸಿ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ್ದು, ಮಳೆಗಾಲಕ್ಕೆ ಆ ಗೋಡೆ ಬೆವರಿದ್ದು, ಎಲ್ಲ ಕಣ್ಣ ಮುಂದೆ ಬಂತು. ಆ ಮುಗ್ಗು ವಾಸನೆ ಅವಳಿಗೂ ಬಂದಿತ್ತು. ಮೂಗು ಬೇರೆ ಕಡೆ ತಿರುಗಿಸಿಕೊಂಡಿದ್ದಳು, ಅಷ್ಟೇ.

ಮರಳಿ ಒಲೆಗಳ ಹತ್ತಿರ ಬಂದಳು. ಸಗೀರಾ ಏನೋ ಹೇಳಿ ಎಲ್ಲರೂ ನಗುತ್ತಿದ್ದರು. ಒಂದು ಕಾರ್ಯದ ಊಟವಲ್ಲವೇ, ಒಂದು ದಿನಕ್ಕೆ ಏನೂ ಆಗದು, ನಿಷತಳೇ ಹಾಗೆಂದಿದ್ದಾಳೆ ಎಂದು ಒಂದು ಮನಸ್ಸು ಹೇಳಿತು. ನಾಳೆಯಿಂದ ಉಪಾಯವಾಗಿ ಜೋಳ ಬದಲಿಸಿದರಾಯಿತು. ಆದರೆ ಸುನೀತಾ ದಿನವೂ ಇದನ್ನೇ ತಿಂದಿದ್ದಳು. ಈಗಲೂ ತಾಯಿ ಅವಳ ಕೈಗೆ ಬಿಸಿ ರೊಟ್ಟಿಯೊಂದನ್ನು ಬೆಣ್ಣೆ ಸವರಿ ಕೊಡುತ್ತಿದ್ದಳು.

ಜಯಮಾಲಾ ಹೋಗಿ ಆ ರೊಟ್ಟಿ ಕಸಿದುಕೊಂಡಳು. ಎಲ್ಲರೂ ತಿರುಗಿ ನೋಡಿದರು. ನಾಲಗೆಗೆ ಮೊದಲು ಸಿಕ್ಕದ್ದು ಸುಳ್ಳು. ಹಿಟ್ಟಿನಲ್ಲಿ ಹಲ್ಲಿ ಬಿದ್ದಿತ್ತು, ಈಗ ನೋಡಿದೆ ಎಂದಳು.

ಹೆಂಗಸರು ಕೈ ಕೊಡವಿಕೊಂಡು ಎದ್ದರು. ಥೂ ಎಂದರು, ದುಡಿದದ್ದೆಲ್ಲ ಹಾಳಾಯಿತು ಎಂದರು. ರುಕ್ಮವ್ವ ಮಾತ್ರ ಬೇಸರಪಟ್ಟುಕೊಳ್ಳಲಿಲ್ಲ. ಆಗುವುದು ಆಯಿತು, ಎಮ್ಮೆಗಳಾದರೂ ತಿನ್ನಲಿ ಎಂದು ಒಂದು ಬುಟ್ಟಿ ರೊಟ್ಟಿ ಎತ್ತಿ ಕೊಟ್ಟಿಗೆಯ ಕಡೆ ಹೊರಟೇಬಿಟ್ಟಳು. ಜಯಮಾಲಾ ಸುನೀತಾಳ ಕೈಯ ಹಾಲಿನ ಲೋಟ ನೋಡಿದಳು. ಇನ್ನು ಸುಳ್ಳಿನಿಂದ ಆಗುವಂತಿರಲಿಲ್ಲ.

"ಎಮ್ಮಿಗೂ ಹಾಕಬ್ಯಾಡ್ರಿ ಅಕ್ಕಾ," ಎಂದಳು. "ಹಲ್ಲಿ ಅಲ್ಲ. ನನ್ನ ಜ್ವಾಳದಾಗ ವಿಷ ಐತಿ. ನಾ ಗೆರಿ ಉಲ್ಟಾ ಓದೇನಿ."

ರುಕ್ಮವ್ವ ನಿಂತಲ್ಲೇ ನಿಂತಳು. "ಹಂಗಾರ ನಮ್ಮದು?"

ಈ ಮಾತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು ಜಯಮಾಲಾಗೆ. ತನ್ನದು ಕೆಟ್ಟದ್ದು ಎಂದು ಹೇಳಿದ ನಾಲಗೆ ಇದಕ್ಕೆ ಹೊರಳಲಿಲ್ಲ. ಕೊನೆಗೆ ಕಸಿದುಕೊಂಡ ರೊಟ್ಟಿಯನ್ನು ಕೆಳಗಿಟ್ಟು ಹೇಳಿದಳು.

"ನಿಮ್ಮದು ಚಲೋ ಐತಿ."

ಸಗೀರಾ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಗಂಭೀರವಾಗಿ ಕೇಳಿದಳು, "ಅಲ್ಲವಾ ಜಯಮಾಲಾ, ಹಂಗಾರ ನಮ್ಮ ಸೊಸಿಗೆ ಎರಡ ಗೆರಿ ಅಂದೆಲ್ಲ, ಅದರ ಖರೇ ಏನವಾ? ನಾ ತೊಟ್ಟಿಲಾ ಹೊರಗ ತಗದೇನಿ."

ಹೆಂಗಸರು ನಕ್ಕರು. ಸುನೀತಾ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಯಮಾಲಾಳ ಕಿವಿ ಕಾದ ಹಂಚಾದವು. ತಲೆ ತಗ್ಗಿಸಿಕೊಂಡೇ ನಿಷತ ಹೇಳಿದ್ದನ್ನೆಲ್ಲ ಹೇಳಿದಳು. ಎಮ್ಮೆ ತಿಂದ ವಿಷ ಹಾಲಿಗೆ ಇಳಿಯುತ್ತದೆ ಎಂದಾಗ ರುಕ್ಮವ್ವನ ಮುಖ ಬಿಳಿಚಿತು. ಹಗೇವು ತೆಗೆದಾಗ ಗೋಡೆಗೆ ಹತ್ತಿದ ಜೋಳ ಕಪ್ಪಾಗಿ ಗಡ್ಡೆ ಕಟ್ಟಿರುತ್ತದೆ. ಅದನ್ನು ಮನುಷ್ಯರು ತಿನ್ನುವುದಿಲ್ಲ. ಬೇರೆ ತೆಗೆದು ಎಮ್ಮೆಗೆ ಕುದಿಸಿ ಹಾಕುವುದು ಆ ಮನೆಯ ಪದ್ಧತಿ. ಈ ವರ್ಷದ್ದನ್ನು ರುಕ್ಮವ್ವ ನಿನ್ನೆಯ ತನಕವೂ ಹಾಕಿದ್ದಳು. ಹಾಲು ಮಗಳಿಗೆ ಎಂದು ಆ ಎಮ್ಮೆಗೆ ಒಂದು ಹಿಡಿ ಹೆಚ್ಚೇ ಹಾಕಿದ್ದಳು. ಅದನ್ನು ಅವಳು ಅಳುಕುತ್ತ ಹೇಳಿದಳು.

ಕೇಳಿದೊಡನೆ ಜಯಮಾಲಾಳ ಒಳಗೆ ಏನೋ ಒಂದು ಸಟ್ಟನೆ ಚಿಗಿತಿತು. ಅವಳೂ ತಪ್ಪಿದಳು, ನಾನೊಬ್ಬಳೇ ಅಲ್ಲ. ತಡೆಯಬೇಕೆಂದರೂ ತಡೆಯಲಾಗದೆ ತುಟಿಯಂಚಿನಲ್ಲಿ ನಗೆ ಇಣುಕಿತು.

"ಈಗೂ ನಗಾಕತ್ತಿ ನೋಡ," ಎಂದಳು ರುಕ್ಮವ್ವ. ದನಿ ಏರಿಸಲಿಲ್ಲ. "ಅವತ್ತ ನನ್ನ ಜ್ವಾಳ ವಿಷ ಅಂದಿ. ಬಾಯಾಗ ಸುನೀತಾನ ಹೆಸರಿತ್ತು, ಮಾರಿ ಮ್ಯಾಲೆ ನಗಿ ಇತ್ತು. ಕಂಡೇನಿ ನಾ. ಓದಾಕ ಬರದಿದ್ರ ಏನಾತು, ಮಾರಿ ಓದತೇನಿ."

ಜಯಮಾಲಾ ಸುನೀತಾಳ ಕೈಯಿಂದ ಲೋಟ ತೆಗೆದುಕೊಂಡಳು. ಆ ಮೇವು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ತಿಳಿಯಾಗುತ್ತದಂತೆ, ಅಲ್ಲಿಯ ತನಕ ಬೇಡ, ನಾಳೆ ಇಂಡಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸುತ್ತೇನೆ ಎಂದಳು. ನಗೆ ಎಲ್ಲಿ ಹೋಯಿತೋ, ಈ ಸಲ ಹುಡುಗಿಯ ಕಣ್ಣೊಳಗಿನ ಹೆದರಿಕೆ ಅವಳನ್ನು ಮುಟ್ಟಿತು.

ಡಾಕ್ಟರು ಸುನೀತಾಳ ರಕ್ತ ನೋಡಿ, ಸದ್ಯಕ್ಕೆ ಗಾಬರಿಪಡುವಂಥದ್ದೇನೂ ಇಲ್ಲ, ಆ ಕಾಳು ಇನ್ನು ಬಾಯಿಗೆ ಹೋಗಬಾರದು ಎಂದರು. ಬರುವಾಗ ಬಸ್ಸಿನಲ್ಲಿ ರುಕ್ಮವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕುಳಿತಿದ್ದಳು.

ಶ್ರೀಶೈಲಪ್ಪ ಹೊಲದ ಬದುವಿನಲ್ಲಿ ಆಳವಾಗಿ ಕುಣಿ ತೋಡಿದ್ದ. ಮಾರುವಂತಿಲ್ಲ, ಕೋಳಿಗೂ ಹಾಕುವಂತಿಲ್ಲ; ಹೂಳುವುದೊಂದೇ ದಾರಿ. ಚೀಲಗಳನ್ನು ಕಲ್ಮೇಶ ತಂದು ಸುರಿದ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಹಗೇವಿನ ಗೋಡೆಯ ಕರಿ ಜೋಳ ಉಳಿದಿದ್ದದ್ದನ್ನು ರುಕ್ಮವ್ವ ತಾನೇ ತಂದು ಸುರಿದಳು. ಕೊನೆಗೆ ರೊಟ್ಟಿಗಳು. ರುಕ್ಮವ್ವ ಬುಟ್ಟಿ ಎತ್ತಿದಳು, ಇಳಿಸಿದಳು. ರೊಟ್ಟಿಯನ್ನು ಮಣ್ಣಿಗೆ ಹಾಕಲು ಅವಳ ಕೈ ಏಳಲಿಲ್ಲ. ಮೇಲಿನದೊಂದನ್ನು ಕಣ್ಣಿಗೊತ್ತಿಕೊಂಡು ಹಾಗೇ ನಿಂತಳು. ಜಯಮಾಲಾ ಬುಟ್ಟಿ ತೆಗೆದುಕೊಂಡು ಸುರಿದಳು. ಸಗೀರಾ ಬಡಿದ ರೊಟ್ಟಿಗಳು ಎಷ್ಟು ತೆಳ್ಳಗಿದ್ದವೆಂದರೆ ಗಾಳಿಗೆ ಒಂದೆರಡು ಹಾರಿದವು. ಬೆನ್ನುಹತ್ತಿ ಹಿಡಿದು ತಂದು ಹಾಕಿದಳು.

ಮಣ್ಣು ಎಳೆಯುವಾಗ ರುಕ್ಮವ್ವ, ನಮ್ಮ ಜೋಳ ಎರಡೂ ಮನೆಗೆ ವರ್ಷದ ತನಕ ಬರುತ್ತದೆ, ಸಂಜೆಗೆ ಡಬ್ಬಿ ತಂದು ತುಂಬಿಸಿಕೊಂಡು ಹೋಗು ಎಂದಳು. ಅವಳು ಇನ್ನಷ್ಟು ಬೈದು, ಕೊಡುವುದಿಲ್ಲ ಎಂದಿದ್ದರೆ ಜಯಮಾಲಾ ಎದುರು ನಿಂತು ಉತ್ತರಿಸುತ್ತಿದ್ದಳು. ಹೀಗೆ ಕೊಟ್ಟುಬಿಟ್ಟರೆ ಏನು ಹೇಳಬೇಕು? ಸಿಟ್ಟಿನಲ್ಲೂ ಕೈ ಬಿಚ್ಚುವುದು ಇವಳಿಗೆ ಎಲ್ಲಿಂದ ಬಂತು, ನನಗೇಕೆ ಬರಲಿಲ್ಲ ಎಂದು ಅದಕ್ಕೂ ಅವಳ ಹೊಟ್ಟೆ ಉರಿಯಿತು.

ಕುಣಿ ಅರ್ಧ ತುಂಬಿತು.

"ಬರೂ ಸುಗ್ಗಿಗೆ ನಮ್ಮ ಜ್ವಾಳಾನೂ ನಿಮ್ಮ ಹಗೇವಿಗೆ ಹಾಕೂಣೇನ್ರಿ ಅಕ್ಕಾ?" ಎಂದಳು ಜಯಮಾಲಾ, ನೆಲ ನೋಡುತ್ತ.

ರುಕ್ಮವ್ವ ಸಲಿಕೆ ನಿಲ್ಲಿಸಲಿಲ್ಲ.

"ಒಣಗಿಸಿ ತಂದ್ರ ಹಾಕೂಣು. ನಾ ಕಾಳ ಕಡದು ನೋಡತೇನಿ, ನೀ ಪಟ್ಟಿ ಹಾಕಿ ನೋಡು. ಹಸೀ ತಂದಿ ಅಂದ್ರ ಬಾಗಲದಾಗಿಂದನ ಹೊಳ್ಳಿ ಕಳಸ್ತೇನಿ, ನಿನ್ನ ಜೋಡಿ ನನ್ನದೂ ಕೆಡಬೇಕೇನ?"

"ಹೌದ್ರಿ," ಎಂದಳು ಜಯಮಾಲಾ. ನಿಮ್ಮ ಹಗೇವಿನ ಗೋಡೆಯ ಜೋಳವೂ ಕೆಟ್ಟಿತ್ತಲ್ಲ ಎಂದು ಬಾಯಿಗೆ ಬಂದ ಮಾತನ್ನು ಒಳಗೇ ಇಟ್ಟುಕೊಂಡು, ಬಗ್ಗಿ ಮಣ್ಣು ಎಳೆದಳು.